ಹೊಸ್ತಿಲ ಮುಂದಿನ ಹನ್ನೆರಡು ಚುಕ್ಕಿ

ನಮ್ಮ ಮಗಳು ಕರ್ನೂಲಿನ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಸಾಮಾನುಗಳಲ್ಲಿ ಗಿಟಾರೂ ಒಂದು. ಹತ್ತನೆಯ ತರಗತಿ ಮುಗಿದ ರಜೆಯಲ್ಲಿ ಹಟ ಮಾಡಿ ತರಿಸಿಕೊಂಡಿದ್ದಳು. ಸ್ವಲ್ಪ ಕಾಲ ಮನೆ ತುಂಬ ಸದ್ದು ಮಾಡಿ, ಆಮೇಲೆ ಅದರ ಕಡೆ ತಿರುಗಿ ನೋಡಲಿಲ್ಲ. ನಾನು ಅದಕ್ಕೆ ಹಳೆಯ ಹೊದಿಕೆಯೊಂದನ್ನು ಸುತ್ತಿ ಅಲ್ಮಾರದ ಮೇಲೆ, ಸೂಟ್‌ಕೇಸುಗಳ ಹಿಂದೆ ಮಲಗಿಸಿದ್ದೆ. ದಸರೆಗೆ ಮನೆ ತೊಳೆಯುವಾಗ ಇಳಿಸುವುದು, ಧೂಳು ಒರೆಸುವುದು, ಮತ್ತೆ ಮಲಗಿಸುವುದು. ಒರೆಸುವಾಗ ಬಟ್ಟೆ ತಂತಿಗೆ ತಾಗಿ ಝುಮ್ಮೆನ್ನುತ್ತಿತ್ತು. ಆ ಸದ್ದಿಗಾಗಿಯೇ ಒಮ್ಮೆ ಒರೆಸಿದ್ದನ್ನು ಇನ್ನೊಮ್ಮೆ ಒರೆಸುತ್ತಿದ್ದೆ.

ಕಳೆದ ಆಷಾಢದಲ್ಲಿ ನನ್ನ ನಾದಿನಿ, ಅಂದರೆ ನಮ್ಮ ಯಜಮಾನರ ತಂಗಿ, ಗೋನೆಗಂಡ್ಲದಿಂದ ಫೋನು ಮಾಡಿದಳು. ಅವರು ಅಲ್ಲಿ ಹೊಸ ಮನೆ ಕಟ್ಟಿಸಿದ್ದರು, ಶ್ರಾವಣದಲ್ಲಿ ಪ್ರವೇಶ. ನಮ್ಮವರು ಊಟಕ್ಕೆ ಕೂತವರು ಫೋನನ್ನು ಸ್ಪೀಕರಿಗೆ ಹಾಕಿ ತಟ್ಟೆಯ ಪಕ್ಕ ಇಟ್ಟುಕೊಂಡಿದ್ದರು.

"ಅಣ್ಣಾ, ಹೊಸಾ ಮನಿ ಹಾಲಿನ ಗ್ವಾಡಿ ಖಾಲಿ ಖಾಲಿ ಕಾಣಾಕತ್ತೈತಿ. ಅಲ್ಮಾರದ ಮ್ಯಾಲೆ ಗಿಟಾರ್ ಸುಮ್ನ ಬಿದ್ದೈತಲ್ಲ, ಅದನ್ನ ನನಗ ಕೊಡು. ನೇತು ಹಾಕ್ತೀನಿ. ಬಂದೋರು ನೋಡ್ಲಿ. ನನ್ನ ಸೊಸಿದು, ನಿನ್ನ ಮಗಳದು ಅಂತ ನನಗೂ ಒಂದು ನೆನಪಿರ್ತೈತಿ."

"ಅದಕ್ಕೇನವ್ವ," ಎಂದರು ಇವರು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ಪಂಚಮಿಗೆ ಬರ್ತಿಯಲ್ಲ, ಆವಾಗ ಒಯ್ಯಿ."

ನಾನು ರೊಟ್ಟಿ ತಟ್ಟುತ್ತಿದ್ದೆ. ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಒಂದು ಕಡೆ ಕರಿಯಾಯಿತು. ಅದನ್ನು ನಾನೇ ತಿಂದೆ.

ನಮ್ಮ ಕಡೆ ನಾಗರಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಹಾಗೆ ಬಂದವಳು ಬಾಯಿ ಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವ ರೂಢಿಯಿಲ್ಲ. ಬರಿಗೈಲಿ ಕಳಿಸುವ ರೂಢಿಯಂತೂ ಇಲ್ಲವೇ ಇಲ್ಲ. ಮಾತು ಅಣ್ಣ ತಂಗಿಯರ ನಡುವೆ ಮುಗಿದುಹೋಗಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅದು ನನಗೆ ಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಹೋಗುತ್ತದೆ ಎಂದು ಗೊತ್ತಾಗುವವರೆಗೆ ನನಗೂ ಗೊತ್ತಿರಲಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಬೆಳಗಿನ ಪ್ರಾರ್ಥನೆಗೆ ಸಿಸ್ಟರ್ ಒಬ್ಬರು ಗಿಟಾರ್ ನುಡಿಸುತ್ತಿದ್ದರು. ಅವರ ಮುಂದೆ ಹಾಡಿನ ಪುಸ್ತಕ ಹಿಡಿದು ನಿಲ್ಲುವುದು, ಅವರು ಗಲ್ಲ ಎತ್ತಿದಾಗ ಪುಟ ತಿರುಗಿಸುವುದು ನನ್ನ ಕೆಲಸ. ಎರಡು ವರ್ಷ ಆ ಕೆಲಸ ಮಾಡಿದೆ. ಅವರು ಎಡಗೈ ಉಗುರುಗಳನ್ನು ಮಾಂಸಕ್ಕೆ ಹತ್ತಿ ಕತ್ತರಿಸಿರುತ್ತಿದ್ದರು, ಬಲಗೈ ಉಗುರುಗಳಲ್ಲಿ ಸೀಮೆಸುಣ್ಣ ಇರುತ್ತಿತ್ತು. ಒಮ್ಮೆ ಮುಟ್ಟಲೇ ಸಿಸ್ಟರ್ ಎಂದು ಕೇಳಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಕೇಳಲಿಲ್ಲ. ಕೇಳಿದ್ದರೆ ಖಂಡಿತ ಕೊಡುತ್ತಿದ್ದರು, ಅಷ್ಟು ಒಳ್ಳೆಯವರು.

ಹೊಸದೊಂದು ಕೊಡಿಸಿರಿ ಎಂದು ಇವರನ್ನು ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಬಿದ್ದಿದ್ದ ವಸ್ತುವನ್ನು ಎತ್ತಿಕೊಳ್ಳುವುದು ಬೇರೆ, ನನಗೆ ಬೇಕು ಎಂದು ಕೇಳುವುದು ಬೇರೆ. ಕಾಲೇಜಿಗೆ ಹೋಗುವ ಮಗಳಿರುವ ಹೆಂಗಸು, ಮಂಡಿನೋವಿನ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನಗೊಂದು ಗಿಟಾರ್ ತನ್ನಿರಿ ಎನ್ನುವುದು ನನ್ನ ನಾಲಿಗೆಗೆ ಬರುವ ಮಾತಲ್ಲ. ಇದೊಂದು ಹೋದರೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ನನ್ನ ಮಡಿಲಿಗೆ ಗಿಟಾರ್ ಬರುವುದಿಲ್ಲ. ಹಾಗಾಗಿ ಒಂದು ಉಪಾಯ ಮಾಡಿಕೊಂಡೆ. ಪಂಚಮಿಯೊಳಗೆ ಅದರಲ್ಲಿ ಏನಾದರೂ ಒಂದನ್ನು ಸರಿಯಾಗಿ ನುಡಿಸಲು ಬಂದರೆ, ಇದು ಮನೆಯಲ್ಲಿ ಬಳಕೆಯಲ್ಲಿದೆ ಎನ್ನಬಹುದು. ಬಳಕೆಯಲ್ಲಿರುವ ಒಳಕಲ್ಲನ್ನು ಯಾರೂ ಕೇಳುವುದಿಲ್ಲ.

ಕಲಿಸಲು ಫೋನು ಇತ್ತು. ಅರ್ಧ ತೆಲುಗು ಅರ್ಧ ಇಂಗ್ಲಿಷಿನಲ್ಲಿ ಪಾಠ ಹೇಳುವ ಮೇಷ್ಟ್ರೊಬ್ಬರು ಸಿಕ್ಕರು. ಹೊಸಬರು ಮೊದಲು ಮೈನರ್ ಪೆಂಟಾಟೋನಿಕ್ ಸ್ಕೇಲ್ ಕಲಿಯಬೇಕು, ಐದೇ ಸ್ವರ, ಇದರಲ್ಲಿ ತಪ್ಪು ಮಾಡುವುದೇ ಕಷ್ಟ ಎಂದರು. ನನಗೆ ಧೈರ್ಯ ಬಂತು. ಇದು ದುಃಖವನ್ನು ಹೇಳಿಕೊಳ್ಳಲು ಬಹಳ ಚೆನ್ನಾಗಿರುವ ಸ್ಕೇಲ್ ಎಂದೂ ಸೇರಿಸಿದರು. ಬೆಳಗಿನ ಆ ಹೊತ್ತಿಗೆ ನನ್ನ ಬಳಿ ಹೇಳಿಕೊಳ್ಳುವಂಥ ದುಃಖ ಯಾವುದೂ ಇರಲಿಲ್ಲ, ಸಿಲಿಂಡರ್ ಮುಗಿಯುತ್ತ ಬಂದಿತ್ತು ಎನ್ನುವುದನ್ನು ಬಿಟ್ಟರೆ. ಆದರೂ ಆಗಲಿ ಎಂದು, ಫೋನಿನ ಸಹಾಯದಿಂದ ತಂತಿಗಳನ್ನು ಶ್ರುತಿ ಮಾಡಿಕೊಂಡು ಕೂತೆ.

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ. ಎರಡು ಪಟ್ಟಿಗಳ ನಡುವಿನ ಜಾಗವನ್ನು ನಾನು ಮನೆ ಎಂದು ಕರೆದುಕೊಂಡೆ, ಚೌಕಾಬಾರದ ಮನೆಗಳ ಹಾಗೆ. ಐದನೆಯ ಮನೆಯಿಂದ ಎಂಟನೆಯ ಮನೆಯವರೆಗೆ, ನಾಲ್ಕು ಬೆರಳಿಗೆ ನಾಲ್ಕು ಮನೆ. ಆರು ತಂತಿ; ಒಂದೊಂದು ತಂತಿಗೆ ಎರಡೆರಡು ಕಡೆ ಒತ್ತಬೇಕು. ಎಲ್ಲೆಲ್ಲಿ ಒತ್ತಬೇಕು ಎಂದು ತೋರಿಸಲು ಮೇಷ್ಟ್ರು ಒಂದು ಚಿತ್ರ ಹಾಕಿದ್ದರು. ಆರು ಗೆರೆ, ಹನ್ನೆರಡು ಚುಕ್ಕಿ.

ಕಷ್ಟ ಬಂದದ್ದು ಆ ಚಿತ್ರದಲ್ಲಿ. ನನಗೆ ಈಗ ಹತ್ತಿರದ್ದು ಕನ್ನಡಕವಿಲ್ಲದೆ ಕಾಣುವುದಿಲ್ಲ. ಗಿಟಾರಿನ ಮೇಲೆ ಬಾಗಿದರೆ ಕನ್ನಡಕ ಮೂಗಿನಿಂದ ಜಾರಿ ತಂತಿಯ ಮೇಲೆ ಬೀಳುತ್ತದೆ. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಇಟ್ಟರೆ ಅರ್ಧ ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ. ಎರಡು ದಿನ ಹೀಗೆ ಕಾದಾಡಿ ಮೂರನೆಯ ಬೆಳಿಗ್ಗೆ ಬಾಗಿಲು ಸಾರಿಸಿ ರಂಗೋಲಿ ಡಬ್ಬಿ ಹಿಡಿದು ನಿಂತಾಗ ನನ್ನ ತಲೆಗೆ ಹೊಳೆಯಿತು. ದೂರದ್ದು ನನಗೆ ಚೆನ್ನಾಗಿ ಕಾಣುತ್ತದೆ. ಚುಕ್ಕಿ ಇಡುವುದು ಚಿಕ್ಕಂದಿನಿಂದ ಬಂದ ಕೈ. ಫೋನು ನೋಡಿಕೊಂಡು ಹೊಸ್ತಿಲ ಮುಂದೆ, ಸಿಮೆಂಟಿನ ಮೇಲೆ, ಹನ್ನೆರಡು ಚುಕ್ಕಿ ದೊಡ್ಡದಾಗಿ ಇಟ್ಟೆ. ಮಧ್ಯಾಹ್ನ ಇವರು ಅರಳೆ ಅಂಗಡಿಗೆ ಹೋದ ಮೇಲೆ ಬಾಗಿಲೊಳಗೆ ಮಣೆ ಹಾಕಿಕೊಂಡು ಕೂತು ನೋಡಿಕೊಂಡು ನುಡಿಸಬಹುದು.

ಅತ್ತೆ ಕೋಲೂರಿಕೊಂಡು ಬಾಗಿಲಿಗೆ ಬಂದರು.

"ಇದೇನವ್ವ ಇದು? ಚುಕ್ಕಿ ಇಟ್ಟು ಗೆರಿ ಎಳೀದ ಬಿಟ್ಟಿ? ಮದುವಿ ಮಾತಾಡಿ ಮುಹೂರ್ತ ಇಡದ ಬಿಟ್ಟಂಗ ಆತು."

"ಇದರಾಗ ಗೆರಿ ಇಲ್ರಿ ಅತ್ತಿ."

"ಗೆರಿ ಇಲ್ಲದ ರಂಗೋಲಿ ಯಾವ ಊರಾಗ ಐತಿ?"

"ಫೋನ್ಯಾಗ ಐತ್ರಿ."

"ಹಂಗಾರ ಫೋನಿನ ಮುಂದ ಹಾಕು ಹೋಗು. ನನ್ನ ಬಾಗಲಕ ಯಾಕ?"

ಆದರೂ ಅಳಿಸು ಎನ್ನಲಿಲ್ಲ. ಗಿಟಾರಿನ ವಿಷಯ ಅವರಿಗೆ ಹೇಳಿದೆ. ತಮ್ಮ ಮಗಳಿಗೆ ಮಾತು ಕೊಟ್ಟ ವಸ್ತು ಅದು ಎಂದು ಅವರಿಗೂ ಗೊತ್ತು. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಮಳಿಗಾಲ, ತಂತಿ ತುಕ್ಕು ಹಿಡಿತಾವ, ಒರಸಿ ಇಡು," ಎಂದರು.

ನಮ್ಮ ಆದೋನಿಯಲ್ಲಿ ಆಷಾಢ ಎಂದರೆ ಅರಳೆಯ ವ್ಯಾಪಾರಕ್ಕೆ ಬಿಡುವು. ಹೊಲದಲ್ಲಿ ಹತ್ತಿ ಇನ್ನೂ ಗೇಣುದ್ದ ಇರುತ್ತದೆ, ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳ ಸದ್ದು ನಿಂತಿರುತ್ತದೆ. ಸೀಸನ್ನಿನಲ್ಲಿ ಬಟ್ಟೆಗೆ, ಹುಬ್ಬಿಗೆ, ಮೊಸರಿಗೆ ಕೂಡ ಹತ್ತಿಯ ಎಳೆ ಅಂಟುವ ಊರಿನಲ್ಲಿ ಆಗ ಗಾಳಿ ಬರೀ ಗಾಳಿಯಾಗಿರುತ್ತದೆ. ಆ ನಿಶ್ಶಬ್ದದಲ್ಲಿ ನಾನು ಬಾಗಿಲೊಳಗೆ ಕೂತು ನುಡಿಸುವುದು ಬೀದಿಗೆಲ್ಲ ಕೇಳಿಸುತ್ತಿತ್ತು. ಕೇಳಿಸಿದ್ದು ಚೆನ್ನಾಗಿರಲಿಲ್ಲ.

ದಪ್ಪ ತಂತಿಯಿಂದ ಶುರುಮಾಡಿದರೆ ಮೊದಲನೆಯದು ಸರಿ, ಎರಡನೆಯದೂ ಪರವಾಗಿಲ್ಲ ಅನ್ನಿಸುತ್ತಿತ್ತು. ಮೂರನೆಯ ತಂತಿಗೆ ಹೋದ ಕೂಡಲೇ ಎಲ್ಲ ಹುಳಿ. ಹಾಲು ಒಡೆದಂತೆ. ಅಲ್ಲದೆ ಎಲ್ಲ ತಂತಿಗೂ ಎಂಟನೆಯ ಮನೆಯಲ್ಲಿ ಒಂದು ಚುಕ್ಕಿ ಇದ್ದದ್ದರಿಂದ ಕಿರುಬೆರಳಿಗೆ ಒಂದು ಗಳಿಗೆ ಬಿಡುವಿರಲಿಲ್ಲ. ಹೊಸದಾಗಿ ಬಂದ ಸೊಸೆಯ ಹಾಗೆ, ಮನೆಯ ಎಲ್ಲರಿಗಿಂತ ಸಣ್ಣದು, ಎಲ್ಲ ಕೆಲಸವೂ ಅದಕ್ಕೇ. ತೋರುಬೆರಳು ಯಜಮಾನಿಕೆ ಮಾಡುತ್ತ ಆಗೊಮ್ಮೆ ಈಗೊಮ್ಮೆ ಬಂದುಹೋಗುತ್ತಿತ್ತು. ಮೇಷ್ಟ್ರು ತೋರುಬೆರಳನ್ನು ಒಂದೇ ಮನೆಯಲ್ಲಿ ಇಟ್ಟು ಸಲೀಸಾಗಿ ಇಳಿದು ಹತ್ತುತ್ತಿದ್ದರು. ಅವರದ್ದು ಗಂಡಸಿನ ಕೈ, ಅಭ್ಯಾಸವಿದೆ ಎಂದುಕೊಂಡೆ. ಸಾಲದ್ದು ನನ್ನ ಅಭ್ಯಾಸವೇ ಇರಬೇಕು ಎಂದು ಇನ್ನಷ್ಟು ನುಡಿಸಿದೆ. ಬೆರಳ ತುದಿಗಳು ಕೆಂಪಾದವು, ಹುಳಿ ಪುಂಡಿಪಲ್ಯ ಕಿವುಚಿದರೆ ಉರಿ ಹತ್ತುತ್ತಿತ್ತು.

ಪಡಸಾಲೆಯಿಂದ ಅತ್ತೆಯ ದನಿ ಬರುತ್ತಿತ್ತು. "ಎರಡು ತಂತಿ ಚಲೋ ಅದಾವ. ಮೂರನೇದಕ್ಕ ಬಂದ ಕೂಡ್ಲೆ ಯಾರೋ ಬೆಕ್ಕಿನ ಬಾಲ ತುಳದಂಗ ಆಗ್ತೈತಿ. ಅದನ್ನ ಬಿಟ್ಟು ಬಾರಿಸಾಕ ಬರಂಗಿಲ್ಲೇನು?"

"ಬರಂಗಿಲ್ರಿ."

"ಹಂಗಾರ ಜಲ್ದಿ ತುಳದು ಮುಗಿಸು."

ನನಗೆ ನಗು ಬಂತು, ಆದರೆ ಒಳಗೆ ಗಾಬರಿಯೂ ಆಯಿತು. ಪಂಚಮಿ ಹತ್ತಿರ ಬರುತ್ತಿತ್ತು. ಮಾರುಕಟ್ಟೆಯಲ್ಲಿ ಬೆಲ್ಲ, ಎಳ್ಳು, ಶೇಂಗಾ ರಾಶಿ ಬಿದ್ದಿದ್ದವು. ತಪ್ಪು ಮಾಡುವುದೇ ಕಷ್ಟ ಎಂದಿದ್ದ ಸ್ಕೇಲಿನಲ್ಲಿ ನಾನು ಸರಿಯಾದದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

ನಮ್ಮ ಎದುರುಮನೆಯ ಅಕ್ಕ ತೆಲುಗಿನವರು. ನಾನು ಅವರೊಡನೆ ತೆಲುಗು ಆಡುತ್ತೇನೆ, ಅವರು ನನ್ನೊಡನೆ ಕನ್ನಡ ಆಡುತ್ತಾರೆ. ಒಬ್ಬರ ಭಾಷೆಯನ್ನು ಇನ್ನೊಬ್ಬರು ಕೆಡಿಸುವ ಸಲಿಗೆ ಇದೆ. ಅವರು ಒಂದು ಬೆಳಿಗ್ಗೆ ತಮ್ಮ ಬಾಗಿಲಲ್ಲೇ ನಿಂತು ಕೂಗಿದರು.

"ಏಂ ಮುಗ್ಗಮ್ಮಾ ಇದಿ? ದಿನಾ ಇದೇ ರಂಗೋಲಿ ಹಾಕ್ತೀರಿ!"

ನನಗೆ ನಾಚಿಕೆಯಾಯಿತು. ಮಧ್ಯಾಹ್ನ ಕೇಳುವ ಆ ಗಿಟಾರಿಗೆ ಇಟ್ಟ ಚುಕ್ಕಿ ಎಂದು ಬೀದಿಯಲ್ಲಿ ನಿಂತು ಹೇಗೆ ಹೇಳುವುದು? "ಏಮ್ ಲೇದು ಅಕ್ಕಾ, ಏನಿಲ್ಲ, ಐದು... ಐದರ ಲೆಕ್ಕ ಅದಿ," ಎಂದು ತಡವರಿಸಿದೆ.

"ಐದಾ? ಓ, ಪಂಚಾಕ್ಷರಿ! ನಿಮ್ಮ ಶಿವನದು!" ಎಂದು ಅವರೇ ಕೈ ಮುಗಿದರು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿದ ಸದ್ದು. ನಾನು ಓಡಿದೆ. ಒಲೆ ಆರಿಸಿ, ಚೆಲ್ಲಿದ್ದು ಒರೆಸಿ ಹೊರಗೆ ಬರುವ ಹೊತ್ತಿಗೆ ಅವರು ಒಳಗೆ ಹೋಗಿದ್ದರು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎದುರುಮನೆಯ ಮುಂದೆ ಹನ್ನೆರಡು ಚುಕ್ಕಿ. ನನ್ನದರ ಹಾಗೆ ಬರೀ ಬಿಳಿಯ ಪುಡಿಯಲ್ಲ. ಒಂದೊಂದು ಚುಕ್ಕಿಗೂ ಅರಿಷಿಣ, ಕುಂಕುಮ, ಮೇಲೊಂದು ಕಣಗಿಲ ಹೂವು. ಅವರ ಪಕ್ಕದ ಮನೆಯ ಮುಂದೂ ಅದೇ. ನಮ್ಮ ಬೀದಿಯ ಎರಡು ಹೊಸ್ತಿಲುಗಳಲ್ಲಿ ಮೈನರ್ ಪೆಂಟಾಟೋನಿಕ್ ಸ್ಕೇಲ್ ಪೂಜೆಗೆ ಕೂತಿತ್ತು.

ಅತ್ತೆ ನೋಡಿದರು. ಸೆರಗಿನ ತುದಿ ಬಾಯಿಗೆ ಇಟ್ಟುಕೊಂಡು ಹೆಗಲು ಕುಣಿಯುವಷ್ಟು ನಕ್ಕರು. "ನಿನ್ನ ಫೋನಿನ ಮಾಸ್ತರ ಇನ್ನ ಸ್ವಾಮಿಗಳಾದ. ಅವಗ ಒಂದು ಮಠ ಕಟ್ಟಸೂದು ಬಾಕಿ ಐತಿ."

ನಾನು ಹೋಗಿ ನಿಜ ಹೇಳಬೇಕು ಎಂದುಕೊಂಡು, ಧೈರ್ಯ ಬರಲಿ ಎಂದು ಮಧ್ಯಾಹ್ನದವರೆಗೆ ಮುಂದೂಡಿದೆ. ಮಧ್ಯಾಹ್ನ ಎಂದಿನಂತೆ ಗಿಟಾರ್ ಹಿಡಿದು ಬಾಗಿಲೊಳಗೆ ಕೂತೆ. ಮುಂದೆ ನನ್ನ ರಂಗೋಲಿ, ಬೀದಿಯಾಚೆ ಅಕ್ಕನ ರಂಗೋಲಿ, ಎರಡೂ ಒಟ್ಟಿಗೆ ಕಾಣುತ್ತಿದ್ದವು. ಆಗ ನನಗೆ ಕಂಡಿತು: ಅಕ್ಕ ತಪ್ಪು ಹಾಕಿದ್ದಾರೆ. ನನ್ನದರಲ್ಲಿ ಆರು ಚುಕ್ಕಿ ನೆಟ್ಟಗೆ ನಿಂತ ಸಾಲು ಬಲಗಡೆ ಇದೆ, ಅವರದರಲ್ಲಿ ಎಡಗಡೆ. ಇಡೀ ಚಿತ್ರವೇ ತಲೆಕೆಳಗು.

ಒಂದು ವೇಳೆ ಪೂಜೆಯೇ ಮಾಡುವುದಾದರೆ ಸರಿಯಾದ್ದನ್ನಾದರೂ ಮಾಡಲಿ. ಇದು ಕಾನ್ವೆಂಟಿನ ಬುದ್ಧಿ. ಬೋರ್ಡಿನಿಂದ ಇಳಿಸಿಕೊಂಡದ್ದು ತಪ್ಪಾಗಿದ್ದರೆ ಸುಮ್ಮನಿರಲು ಆಗುವುದಿಲ್ಲ. ಗಿಟಾರ್ ಮಣೆಯ ಮೇಲೆ ಇಟ್ಟು ಬೀದಿ ದಾಟಿದೆ.

"ಅಕ್ಕಾ, ಇದು ತಿರುವುಮುರುವು ಆಗೇತಿ. ನೆಟ್ಟನ ಸಾಲು ಈ ಕಡಿ ಬರಬೇಕು," ಎಂದೆ, ಅವಸರಕ್ಕೆ ಕನ್ನಡದಲ್ಲೇ.

ಅಕ್ಕ ಚಾಪೆಯ ಮೇಲೆ ಹಪ್ಪಳ ಹರಡುತ್ತಿದ್ದವರು ಎದ್ದು ಬಂದರು. "ಹೌದಾ? ಅದೆಲಾ, ಹೇಗೆ? ನಾನು ನಿಮ್ಮದನ್ನ ನೋಡೇ ಹಾಕಿದ್ದು. ಇಗೋ, ಇಲ್ಲೇ ನಿಂತಿದ್ದೆ. ನೀವೇ ನಿಂತು ನೋಡಿ."

ಅವರ ಹೊಸ್ತಿಲ ಮೇಲೆ ನಿಂತು ನಮ್ಮ ಮನೆಯ ಕಡೆ ತಿರುಗಿದೆ. ನನ್ನ ರಂಗೋಲಿಯಲ್ಲಿ ನೆಟ್ಟನೆಯ ಸಾಲು ಎಡಗಡೆ ಇತ್ತು.

ಬೀದಿಯ ಮಧ್ಯಕ್ಕೆ ಬಂದು ನೋಡಿದೆ. ನಮ್ಮ ಬಾಗಿಲಿಗೆ ಹೋಗಿ ಒಳಗಿನಿಂದ ನೋಡಿದೆ. ಮತ್ತೆ ಹೊರಗೆ ಬಂದೆ. ಅಕ್ಕ ತಮ್ಮ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದರು. ಬಹುಶಃ ಇದೂ ವ್ರತದ ಭಾಗ, ಪ್ರದಕ್ಷಿಣೆ ಇರಬಹುದು ಎಂದುಕೊಂಡರೋ ಏನೋ. ತಿರುಗಿ ತಿರುಗಿ ನೋಡಿದ ಮೇಲೆ ನನಗೆ ಅರ್ಥವಾಯಿತು. ರಂಗೋಲಿ ಹಾಕುವಾಗ ಬೀದಿಯಲ್ಲಿ ನಿಂತು, ಬಾಗಿಲ ಕಡೆ ಮುಖ ಮಾಡಿ ಹಾಕುತ್ತೇವೆ. ಲಕ್ಷ್ಮಿ ಹೊರಗಿನಿಂದ ಬರುವವಳು, ಅವಳಿಗೆ ನೆಟ್ಟಗೆ ಕಾಣಬೇಕು. ಒಳಗೆ ಕೂತವರಿಗೆ ಅದು ತಲೆಕೆಳಗಾಗಿಯೇ ಕಾಣುವುದು. ಹೂವು, ನಕ್ಷತ್ರ, ಆಮೆ ಯಾವ ಕಡೆಯಿಂದ ನೋಡಿದರೂ ಒಂದೇ. ಇಷ್ಟು ವರ್ಷ ಅದು ಗೊತ್ತಾಗುವ ಕಾರಣವೇ ಬಂದಿರಲಿಲ್ಲ. ನಾನು ದಿನಾ ಬೆಳಿಗ್ಗೆ ಸರಿಯಾಗಿ ಬರೆದು, ಮಧ್ಯಾಹ್ನ ತಲೆಕೆಳಗಾಗಿ ಓದುತ್ತಿದ್ದೆ. ಕಿರುಬೆರಳು ಹೊತ್ತದ್ದೆಲ್ಲ ತೋರುಬೆರಳಿನ ಕೆಲಸ.

ನಗುತ್ತಲೇ ಹೋಗಿ ಅ‌ಕ್ಕನಿಗೆ ಎಲ್ಲ ಹೇಳಿದೆ. ಇದು ಶಿವನದಲ್ಲ, ಗಿಟಾರಿನದು. ಪಂಚಾಕ್ಷರಿಯಲ್ಲ, ಐದು ಸ್ವರ.

ಅಕ್ಕ ಕೆನ್ನೆಗೆ ಕೈ ಇಟ್ಟುಕೊಂಡು ಕೇಳಿದರು. ಕೋಪ ಬರುತ್ತದೇನೋ ಎಂದು ನಾನು ನೋಡುತ್ತಿದ್ದೆ. "ಪೋನೀ ಅಮ್ಮಾ, ಹೋಗಲಿ ಬಿಡಿ," ಎಂದರು ಕೊನೆಗೆ. "ಅರಿಷಿಣ ಕುಂಕುಮ ಹಾಕಿದ್ದೀನಿ. ಐದು ಸೋಮವಾರ ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದೀನಿ. ನಡುವೆ ಬಿಡಬಾರದು. ಶಿವನಿಗೆ ಸಂಗೀತ ಬೇಡ ಅಂತ ಯಾರು ಹೇಳಿದರು?" ಹಾಗೆಯೇ ಐದೂ ಸೋಮವಾರ ಹಾಕಿ ಮುಗಿಸಿದರು. ಪಕ್ಕದ ಮನೆಯವರಿಗೆ ನಿಜ ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ.

ಅಂದು ಮಣೆಯನ್ನು ಹೊಸ್ತಿಲಾಚೆ ಬೀದಿಯ ಕಡೆ ಹಾಕಿಕೊಂಡು, ಮನೆಗೆ ಮುಖ ಮಾಡಿ ಕೂತೆ. ಹೋಗುಬರುವವರಿಗೆ ಏನು ಕಂಡಿತೋ. ತೋರುಬೆರಳನ್ನು ಐದನೆಯ ಮನೆಯಲ್ಲಿ ಇಟ್ಟೆ. ದಪ್ಪ ತಂತಿ, ಎರಡನೆಯದು; ಮೂರನೆಯದಕ್ಕೆ ಹೋಗುವಾಗ ಅಭ್ಯಾಸಬಲದಿಂದ ಮುಖ ಕಿವುಚಿಕೊಂಡೆ. ಹುಳಿ ಬರಲಿಲ್ಲ. ಸ್ವರ ಮುಂದಿನದಕ್ಕೆ ದಾರಿ ಬಿಟ್ಟಿತು, ಅದು ಅದರ ಮುಂದಿನದಕ್ಕೆ. ಐದು ಸ್ವರ ಆದ ಮೇಲೆ ಆರನೆಯದು ಮೊದಲಿನದೇ, ಆದರೆ ಎತ್ತರದಲ್ಲಿ. ತೆಳುವಾದ ತಂತಿಯ ಕೊನೆಯ ಚುಕ್ಕಿಯವರೆಗೆ ಹೋಗಿ ಹಾಗೇ ಇಳಿದು ಬಂದೆ. ಒಂದಕ್ಕೊಂದು ಜಗಳವಾಡದ ಐದು ಜನರಿರುವ ಮನೆ ಹೇಗಿರುತ್ತದೋ ಹಾಗೆ.

"ಯಾರ ಬಾರಿಸಿದ್ರು?" ಎಂದರು ಅತ್ತೆ ಪಡಸಾಲೆಯಿಂದ.

"ನಾನ ರೀ."

"ನಿನ್ನ ಬೆಕ್ಕು ಎಲ್ಲಿ ಹೋತು?"

"ಹೋತ್ರಿ ಅತ್ತಿ."

"ಹಂಗಾರ ಇನ್ನೊಮ್ಮಿ ಬಾರಿಸು."

ದುಃಖದ ಸ್ಕೇಲನ್ನು ನಾನು ಆ ಮಧ್ಯಾಹ್ನ ನಗುತ್ತಲೇ ನುಡಿಸಿದೆ. ಮೇಷ್ಟ್ರು ಕ್ಷಮಿಸಲಿ.

ಪಂಚಮಿಯ ದಿನ ನಾದಿನಿ ಬೆಳಿಗ್ಗೆಯೇ ಬಂದಳು. ಮನೆ ಪ್ರವೇಶದ ಕೆಲಸ ಇದ್ದದ್ದರಿಂದ ಈ ಸಲ ಉಳಿಯುವುದಿಲ್ಲ, ಸಂಜೆ ಅವರ ಜೀಪು ಬರುತ್ತದೆ ಎಂದಳು. ಹುತ್ತಕ್ಕೆ ಹಾಲೆರೆದು ಬಂದೆವು, ಕಡುಬು ತಿಂದೆವು. ಇವರು ಊಟ ಮುಗಿಸಿ ಹಾಲಹರವಿಯ ಕಡೆ ರೈತರೊಬ್ಬರ ಹತ್ತಿ ಹೊಲ ನೋಡಲು ಹೋದರು. ನಾವು ಮೂವರು ಪಡಸಾಲೆಯಲ್ಲಿ ಕೂತು ಅವಳಿಗೆ ಕಟ್ಟಿಕೊಡಬೇಕಾದ ಶೇಂಗಾ ಉಂಡಿ, ಎಳ್ಳುಂಡಿಗಳನ್ನು ಡಬ್ಬಿಗೆ ತುಂಬುತ್ತಿದ್ದೆವು.

"ಅತ್ತಿಗಿ, ಗಿಟಾರ್ ಕಟ್ಟಿ ಇಟ್ಟೀಯಿಲ್ಲೋ?" ಎಂದಳು ಅವಳು, ಉಂಡಿಯೊಂದನ್ನು ಬಾಯಿಗೆ ಹಾಕಿಕೊಂಡು. "ಗ್ವಾಡಿಗೆ ಮೊಳಿ ಹೊಡಿಸೇ ಬಂದೀನಿ."

ಬಳಕೆಯಲ್ಲಿದೆ ಎನ್ನುವ ಮಾತನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಬಾಯಿಂದ ಬಂದದ್ದು ಅದಲ್ಲ.

"ಅದನ್ನ ಕೊಡಂಗಿಲ್ಲವ್ವ. ನನಗ ಬೇಕು."

ಅತ್ತೆಯ ಕೈಯ ಉಂಡಿ ಡಬ್ಬಿಯ ಮೇಲೆಯೇ ನಿಂತಿತು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನನಗೆ ಬೇಕು ಎಂದು ಹೇಳಿದ್ದು ಅದೇ ಮೊದಲು ಎನ್ನುವುದು ನಮ್ಮ ಮೂವರಿಗೂ ಒಟ್ಟಿಗೇ ಹೊಳೆದಂತಿತ್ತು.

"ನಿನಗಾ?"

"ಹೂಂ."

"ಏನ್ ಮಾಡ್ತಿ ಅದನ್ನ?"

"ಬಾರಿಸ್ತೀನಿ."

ನಾದಿನಿ ತಾಯಿಯ ಕಡೆ ತಿರುಗಿದಳು. "ಅವ್ವಾ, ಈಕಿ ಹಣಿ ಮುಟ್ಟಿ ನೋಡು, ಜ್ವರ ಗಿರ ಬಂದಾವೇನ." ಮತ್ತೆ ನನ್ನ ಕಡೆ ತಿರುಗಿ, "ಹಂಗಾರ ಬಾರಿಸು, ನಾನೂ ಕೇಳ್ತೀನಿ," ಎಂದಳು.

ಕೈ ತೊಳೆದುಕೊಂಡು ಬಂದು ಕೂತೆ. ಮೊದಲ ಸ್ವರ ಸರಿಯಾಗಿ ಒತ್ತದೆ ಟಪ್ ಎಂದಿತು. ಮತ್ತೆ ಶುರು ಮಾಡಿದೆ. ಹತ್ತಿದೆ, ಇಳಿದೆ. ಎರಡನೆಯ ಸಲ ಸ್ವಲ್ಪ ವೇಗವಾಗಿ ಹತ್ತಿ, ಮೇಲೆ ಒಂದು ಕ್ಷಣ ನಿಂತು ಇಳಿದೆ. ಮುಗಿಸಿ ತಲೆ ಎತ್ತಿದೆ.

"ಆತಾ?"

"ಆತು."

"ಹಾಡು?"

"ಹಾಡು ಇನ್ನ ಬಂದಿಲ್ಲ. ಇದು ಸ್ಕೇಲು. ಏಣಿ ಇದ್ದಂಗ."

"ಅಯ್ಯ ನನ ತಾಯಿ! ಮಾಳಿಗಿನ ಇಲ್ಲ, ಏಣಿ ಒಂದು ಇಟ್ಕೊಂಡು ಕುಂತೀ!"

ಅತ್ತೆ ನಕ್ಕರು, ನಾನೂ ನಕ್ಕೆ. ನಾದಿನಿಯೂ ನಕ್ಕಳು, ಆದರೆ ಅವಳ ನಗು ಬೇಗ ಮುಗಿಯಿತು. ಸೆರಗಿನ ಮೇಲೆ ಬಿದ್ದ ಎಳ್ಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

"ಇಟ್ಕೋ ಬಿಡು ಅತ್ತಿಗಿ. ಕೊಟ್ಟು ನೀ ಮನಸಿನಾಗ ಮರಗೂದು ಬ್ಯಾಡ. ಆದ್ರ ಮನಿ ಕಟ್ಟಿಸೀನಿ, ಅದರಾಗ ಎಲ್ಲಾ ಅಂಗಡಿ ಸಾಮಾನ, ಎಲ್ಲಾ ಹೊಸಾದು. ಈ ಮನಿದು ಅನ್ನೂದು ಒಂದರ ಇರ್ಲಿ ಅಂತ ಕೇಳಿದ್ದೆ. ಪಂಚಮಿಗೆ ಬಂದು ಉಂಡಿ ಡಬ್ಬಿ ಹಿಡಕೊಂಡು ಹೋಗ್ಲಿ?"

ನಾನು ಅಲ್ಲಿಯವರೆಗೆ ಅದನ್ನು ಗೋಡೆಯ ಅಲಂಕಾರ ಎಂದೇ ತಿಳಿದಿದ್ದೆ. "ಬ್ಯಾರೆ ಏನರ ಕೇಳು. ಏನ್ ಕೇಳಿದ್ರೂ ಆತು," ಎಂದೆ.

ಅವಳು ಅರಳೆ ವ್ಯಾಪಾರಸ್ಥರ ಮಗಳು. ಕೂತಲ್ಲಿಂದಲೇ ಮನೆಯನ್ನೆಲ್ಲ ಒಂದು ಸಲ ನೋಡಿದಳು, ಮೂಟೆಯಿಂದ ಹಿಡಿ ಅರಳೆ ಕಿತ್ತು ಎಳೆಯ ಉದ್ದ ನೋಡುವವರ ಹಾಗೆ. ಗಡಿಯಾರ ದಾಟಿದಳು, ಹಿತ್ತಾಳೆ ಕೊಡ ದಾಟಿದಳು. ಕಿಟಕಿಯ ಹತ್ತಿರ ಅವಳ ಕಣ್ಣು ನಿಂತಿತು.

"ಅದು."

ಅದು ನನ್ನ ಹೊಲಿಗೆ ಮಷಿನ್. ಕಬ್ಬಿಣದ ಕಾಲಿನದು, ಕಾಲಲ್ಲಿ ತುಳಿಯುವುದು. ನನ್ನ ತಾಯಿ ಮದುವೆಯಲ್ಲಿ ಕೊಟ್ಟಿದ್ದು.

"ಮ್ಯಾಲೆ ಒಂದು ಗಾಜು ಹಾಕಿಸಿದ್ರ ಹಾಲಿನಾಗ ಚೆಂದ ಟೇಬಲ್ ಆಗ್ತೈತಿ," ಎಂದಳು. ಆಮೇಲೆ ದನಿ ತಗ್ಗಿಸಿ, "ನನ್ನ ಮದುವಿ ಜಂಪರ್ ಅದರಾಗ ನೀನ ಹೊಲದಿದ್ದಿ. ತೋಳು ಬಿಗಿ ಆತು ಅಂತ ನಾ ಅತ್ತಾಗ ಬಿಚ್ಚಿ ಮತ್ತ ಹೊಲದಿದ್ದಿ. ನೆನಪೈತಿ?" ಎಂದಳು.

ನೆನಪಿತ್ತು. ಎಲ್ಲರಿಗಿಂತ ಮೊದಲು ಅತ್ತೆ ಎಚ್ಚೆತ್ತರು. "ಏ, ಅದನ್ನ ಒಯ್ದ್ರ ನನ್ನ ಜಂಪರ್ ಯಾರ ಹೊಲಿಬೇಕು?"

"ದರ್ಜಿ ಅದಾನಲ್ಲವ್ವ."

"ಆ ದರ್ಜಿ ನನ್ನ ತೋಳಿನ ಅಳತಿ ತಗೊಳ್ಳಾಕ ಬರ್ಲಿ, ಈ ಕೋಲು ಇಲ್ಲೇ ಐತಿ."

ನಾನು ಎದ್ದು ಮಷಿನ್ನಿನ ಬಳಿ ಹೋದೆ. ಚಕ್ರದ ಮೇಲೆ ಕೈ ಇಟ್ಟೆ. ನನ್ನ ಕೈ ತಾಗಿ ತಾಗಿ ಅಲ್ಲಿ ಕಪ್ಪು ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಮಗಳ ಲಂಗಗಳು, ದಿಂಬಿನ ಗವಸುಗಳು, ಇವರ ಬನಿಯನ್ನಿನ ತೇಪೆ ಎಲ್ಲ ಅದರ ಕೆಳಗೇ ಹಾದುಹೋಗಿವೆ. ಕೊಡುತ್ತೇನೆ ಎಂದು ನಾಲಿಗೆ ಸಲೀಸಾಗಿ ಹೊರಳಲಿಲ್ಲ. ಹೆಣ್ಣುಮಗಳಿಗೆ ಇರಬೇಕು ಎಂದು ನನ್ನ ತಾಯಿ ಕೊಟ್ಟಿದ್ದರು, ನಾನು ಇಟ್ಟುಕೊಂಡಿದ್ದೆ, ಚೆನ್ನಾಗಿಯೇ ಬಳಸಿದ್ದೆ. ಬೇಕೇ ಎಂದು ಆಗಲೂ ಯಾರೂ ಕೇಳಿರಲಿಲ್ಲ. ಬೇಕು ಎಂದು ನಾನೇ ಹೇಳಿದ ವಸ್ತು ಆಚೆ ಮಣೆಯ ಮೇಲೆ ಮಲಗಿತ್ತು.

"ಒಯ್ಯಿ," ಎಂದೆ. "ಆದ್ರ ಗಾಜು ಹಾಕಸಾಕ ಅಂತ ಒಳಗಿನ ಮಷಿನ್ ಕಿತ್ತಿಸಬ್ಯಾಡ. ತಿಂಗಳಿಗೊಮ್ಮಿ ಎಣ್ಣಿ ಹಾಕು. ಯಾವಾಗರ ನಿನಗೂ ತುಳೀಬೇಕು ಅನಸ್ತೈತಿ."

"ನನಗಾ? ಗುಂಡಿ ಹಚ್ಚಾಕೂ ಬರಂಗಿಲ್ಲ."

"ಏಣಿ ಐತಲ್ಲ. ಮಾಳಿಗಿ ಆಮ್ಯಾಲೆ ಕಟ್ಟಿಸು."

ಅವಳು ನನ್ನ ತೋಳಿಗೆ ಒಂದು ಏಟು ಕೊಟ್ಟಳು. ಸಂಜೆ ಉಡಿ ತುಂಬಿದೆ. ಜೀಪಿನವರು ಮಷಿನ್ನನ್ನು ಹಿಂದೆ ಹತ್ತಿಸಿ, ಕಾಲು ಅಲುಗದಂತೆ ನಮ್ಮ ಅಂಗಡಿಯ ಎರಡು ಗೋಣಿಚೀಲ ಒತ್ತರಿಸಿ ಕಟ್ಟಿದರು. ಅವಳು ಮುಂದೆ ಕೂರದೆ ಹಿಂದೆ ಅದರ ಪಕ್ಕದಲ್ಲೇ ಕೂತು, ಒಂದು ಕೈ ಅದರ ಮೇಲಿಟ್ಟುಕೊಂಡು ಹೋದಳು.

ಒಳಗೆ ಬಂದೆ. ಮಷಿನ್ ಇದ್ದ ಜಾಗದಲ್ಲಿ ನೆಲ ಸುತ್ತಲಿನದಕ್ಕಿಂತ ಬೆಳ್ಳಗಿತ್ತು. ದಾರದ ತುಣುಕುಗಳು, ಎರಡು ಗುಂಡುಪಿನ್ನು, ಎಂದೋ ಕಳೆದುಹೋದ ಹುಕ್ಕು ಸಿಕ್ಕವು. ಗುಡಿಸಿದೆ. ಮಷಿನ್ನಿಗೆಂದು ಆರಿಸಿದ ಮೂಲೆ ಅದು, ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಬೆಳಕು ಬೇರೆಲ್ಲೂ ಬರುವುದಿಲ್ಲ. ಕಿಟಕಿಯ ಕೆಳಗೆ ಕುರ್ಚಿ ಎಳೆದುಕೊಂಡು ಕೂತೆ. ಬೆರಳುಗಳನ್ನು ನೋಡದೆ ಹತ್ತಿ ಇಳಿಯಲು ಆಗುತ್ತದೆಯೇ ಎಂದು ನೋಡುತ್ತಿರುವಾಗ ಇವರು ಬಂದರು. ಕೈಯಲ್ಲಿ ಒಂದು ಅಂಗಿ.

"ಜೇಬು ಹರದೈತಿ, ಒಂದು ಹೊಲಗಿ ಹಾಕು," ಎಂದವರು ಅಲ್ಲೇ ನಿಂತರು. "ಮಷಿನ್ ಎಲ್ಲಿ?"

"ನಿಮ್ಮ ತಂಗಿ ಮನಿಗೆ ಹೋತ್ರಿ."

"ಆಕಿ ಒಯ್ಯೂದು ಗಿಟಾರಲ್ಲ?"

"ಅದು ನಂದು. ಕೊಡಂಗಿಲ್ಲ ಅಂದೆ."

ಇವರು ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ನನ್ನನ್ನೂ ಗಿಟಾರನ್ನೂ ನೋಡಿದರು. ಪಡಸಾಲೆಯಿಂದ ಅತ್ತೆ, "ಏನ್ ನೋಡ್ತಿಯೋ, ಕುಂದ್ರು. ಆಕಿ ಬಾರಸಾಕತ್ಯಾಳ," ಎಂದರು. ಇವರು ನೆಲದ ಮೇಲೆ ಗೋಡೆಗೆ ಒರಗಿ ಕೂತರು. ನಾನು ದಪ್ಪ ತಂತಿಯಿಂದ ಮತ್ತೆ ಶುರು ಮಾಡಿದೆ.